ಬರೀಬೇಕು, ಅನಬಾರ್ದು

ನಂಬುವುದಿಲ್ಲ ಎನ್ನುವವರು ಈಗಲೇ ಎದ್ದು ಹೋಗಬಹುದು. ಎಕಂಬಾದ ಸಂಜುಕುಮಾರ ಸುಳ್ಳು ಹೇಳುವ ಮಗನಲ್ಲ. ಇಡೀ ಔರಾದ ತಾಲೂಕಿನಲ್ಲಿ ಸದ್ಯಕ್ಕೆ ಫ್ರೆಂಚ್ ಬಲ್ಲ ಗಂಡಸು ನಾನೊಬ್ಬನೇ. ಎರಡನೆಯವನಿದ್ದರೆ ಕರೆತನ್ನಿ, ಅವನ ತಪ್ಪೂ ತಿದ್ದಿ ಕಳಿಸುತ್ತೇನೆ.

ಬೀದರ ಕೋಟೆ ನೋಡಲು ಫ್ರಾನ್ಸಿನವರು ಬರುತ್ತಾರೆಂದು ಚಿದ್ರಿಯಲ್ಲಿ ಫ್ರೆಂಚ್ ತರಬೇತಿ ಕೇಂದ್ರವೊಂದನ್ನು ತೆರೆಯಲಾಯಿತು. ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಕೋಟೆಯಲ್ಲಿ ಗೈಡ್ ನೌಕರಿ ಎಂದು ಪ್ರಕಟಣೆಯೂ ಹೊರಟಿತು. ಆ ನೌಕರಿ ನನ್ನದೆಂದು ಊರಲ್ಲಿ ಸಾರಿ, ಸಕ್ಕರೆ ಕಾರ್ಖಾನೆಯ ಕೆಲಸ ಬಿಟ್ಟು ಬಂದೆ.

ಮೊದಲ ದಿನ ನಿಖತ ಮೇಡಂ ಬೋರ್ಡಿನ ಮೇಲೆ ಪ್ಯಾರಿಸ್ ಎಂದು ಬರೆದು 'ಪಾರಿ' ಎಂದು ಓದಿದರು.

"ಕೊನೀ 'ಸ' ಎಲ್ಲಿ ಹೋಯ್ತ್ರಿ ಮೇಡಂ?" ಎಂದೆ.

"ಅದು ಮೂಕ ಅಕ್ಷರ. ಬರೀಬೇಕು, ಅನಬಾರ್ದು."

"ಅನ್ನಲಾರದ್ದು ಯಾಕ ಬರೀಬೇಕ್ರಿ?"

"ನಿಯಮ."

ಬರೆದದ್ದನ್ನೆಲ್ಲ ಓದಿ ರೂಢಿಯಾದ ನಾವು ನಕ್ಕೆವು. ಬಾಗಿಲಲ್ಲಿ ನಿಂತಿದ್ದ ಕೇಂದ್ರದ ಸಂಯೋಜಕ ಶಿವರಾಜಪ್ಪನವರು ನಗಲಿಲ್ಲ. ಫ್ರೆಂಚಿನಲ್ಲಿ ಅವರು ಕಲಿತದ್ದು ಅದೊಂದೇ ನಿಯಮ. ಅದನ್ನು ಮಾತ್ರ ಪೂರ್ತಿ ಕಲಿತರು.

ಮರುದಿನ ಗೋಡೆಯ ಮೇಲೆ ಸೂಚನೆ ಬಂತು: "ಮಂಜೂರಾಗಿರುವ ಮಧ್ಯಾಹ್ನದ ಊಟ, ಫ್ಯಾನು ಹಾಗೂ ಪುಸ್ತಕಗಳನ್ನು ಮೂಕ ಅಕ್ಷರಗಳೆಂದು ಘೋಷಿಸಲಾಗಿದೆ. ಇವು ಬರಹದಲ್ಲಿ ಮಾತ್ರ ಇರತಕ್ಕದ್ದು. ಬಾಯಿಬಿಟ್ಟು ಕೇಳುವುದನ್ನು ವ್ಯಾಕರಣದೋಷವೆಂದು ಪರಿಗಣಿಸಲಾಗುವುದು."

"ಹೊಟ್ಟಿಗೆ ವ್ಯಾಕರಣ ತಿಳೀತದೇನ್ರಿ ಸಾಹೇಬ್ರ?" ಎಂದು ನನ್ನ ಪಕ್ಕದ ಕಲೀಮ ಕೇಳಿದ. ಅವನ ಅಂಕ ಕಡಿತವಾಯಿತು.

ಪಗಾರವೂ ಮೂಕವಾದ ಮೇಲೆ ಮೇಡಂ ಬರುವುದು ನಿಂತಿತು. ಅವರ ಹೆಸರು ಬಾಗಿಲ ಮೇಲೆ ಹಾಗೇ ಉಳಿಯಿತು. ಮೊಬೈಲ್ ನೋಡಿ ನಾನೇ ಕಲಿತೆ, ಉಳಿದವರಿಗೂ ಕಲಿಸಿದೆ. ಫ್ರೆಂಚಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು ಎಂದಾಗ ಕಲೀಮ ಜಗಳಕ್ಕೇ ನಿಂತ.

"ನಮ್ಮ ಉರ್ದುದಾಗ ಕಿತಾಬ್ ಹೆಣ್ಣದಪಾ. ಪಾರಿಗೆ ಹೋಗಿ ಹ್ಯಾಂಗ ಗಂಡಾಯ್ತು?"

"ಅಲ್ಲಿ ಅದಕ್ಕ ಮೀಸಿ ಮಂಜೂರಾಗೇದ, ಬರಕೋ."

ಅಷ್ಟರಲ್ಲಿ ತಪಾಸಣೆಗೆ ಅಮೀರ ಪಾಶಾ ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು. ಮುಂದೆ ಸ್ವರ ಬಂದರೆ ಮೂಕ ಅಕ್ಷರಕ್ಕೂ ಕೆಲವು ಸಲ ಬಾಯಿ ಬರುತ್ತದೆ ಎಂಬುದು ಫ್ರೆಂಚಿನ ಇನ್ನೊಂದು ನಿಯಮ. ಅದನ್ನು ಶಿವರಾಜಪ್ಪನವರ ಎದುರಿಗೇ ಪಾಠದಲ್ಲಿ ವಿವರಿಸಿ ಹೇಳಿದೆ. ಅವರು ಗಡ್ಡ ಕೆರೆದುಕೊಂಡರು.

"ಅಮೀರ... 'ಅ' ಅಂದ್ರ ಸ್ವರ ಹೌದಲ್ಲೋ?"

"ಹೌದ್ರಿ, ಸ್ವರ."

ತಪಾಸಣೆಯ ದಿನ ಭಾಲ್ಕಿಯ ಶಾಮಿಯಾನದ ಅಂಗಡಿಯಿಂದ ಫ್ಯಾನು, ತಾಟು, ಅಡುಗೆಯವರು ಎಲ್ಲ ಬಂದರು. ಸಾಹೇಬರು ಎರಡು ಸಲ ಬಡಿಸಿಕೊಂಡು, "ಉಚ್ಚಾರ ಭಾಳ ಸಾಫ್ ಅದ" ಎಂದು ಮೆಚ್ಚಿ ಹೋದರು. ಅವರ ಜೀಪು ತಿರುವು ದಾಟುವ ಮೊದಲೇ ಫ್ಯಾನು ಟೆಂಪೋ ಏರಿತ್ತು.

ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ. ಮತ್ತ್ಯಾರು ಬರಬೇಕಿತ್ತು? ನೌಕರಿಯ ಆದೇಶವೂ ನನ್ನ ಹೆಸರಿಗೇ ಆಯಿತು. ಇಸ್ತ್ರಿ ಅಂಗಿ ತೊಟ್ಟು ಕೋಟೆಗೆ ಹೋದರೆ, ಶಿವರಾಜಪ್ಪನವರ ಹೆಂಡತಿಯ ತಮ್ಮ ಅಲ್ಲಿ ನಿಂತು ಫ್ರಾನ್ಸಿನ ಗಂಡ ಹೆಂಡತಿಗೆ "ಕಮ್ ಕಮ್, ಕೋಟಾ ಕೋಟಾ" ಎನ್ನುತ್ತಿದ್ದ.

ನೆಟ್ಟಗೆ ಚಿದ್ರಿಗೆ ಹೋದೆ. "ನೌಕರಿ ನಂದ್ರಿ ಸರ್!"

"ನಿಂದೇ ಅದಪಾ. ಯಾರು ಇಲ್ಲ ಅಂದಾರ? ಬರದೀವಲ್ಲ," ಎಂದರು ಶಿವರಾಜಪ್ಪನವರು.

"ಮತ್ತ ಅಂವ ಯಾಕ ನಿಂತಾನ್ರಿ?"

"ನೀ ಮೂಕ ಅಕ್ಷರ. ಆದೇಶದಾಗ ಇರ್ತಿ, ಕೋಟ್ಯಾಗ ಇರಂಗಿಲ್ಲ. ಇಷ್ಟು ಫ್ರೆಂಚ್ ಕಲ್ತು ಇದು ತಿಳೀಲಿಲ್ಲೇನೋ ತಮ್ಮಾ?"

ವ್ಯಾಕರಣದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಕಲೀಮನೂ "ನಿಯಮ ಅಂದ್ರ ನಿಯಮ ಭಾಯ್" ಎಂದ. ನಮ್ಮವ್ವ ಈರಮ್ಮ ಆದೇಶಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ. ಬಂದವರಿಗೆ ತೋರಿಸಿ, "ನೋಡ್ರಿ, ಖರೆ ಜೋರಾಗಿ ಓದಬ್ಯಾಡ್ರಿ" ಎನ್ನುತ್ತಾಳೆ. ಊರವರು ತಲೆಯಾಡಿಸಿ, ಮನಸ್ಸಿನಲ್ಲೇ ಓದಿಕೊಂಡು, ಚಹಾ ಕುಡಿದು ಹೋಗುತ್ತಾರೆ.

ಕೇಂದ್ರದವರು ಕೊನೆಗೆ ನನಗೆ ಟೋಪಿ ಹಾಕಿದರು. ನಿಜವಾದ ಟೋಪಿ, ಗೈಡುಗಳು ಹಾಕುವ ನೀಲಿ ಬಣ್ಣದ್ದು.