ನನ್ನ ಸೈಕಲ್ಲಿನ ಹ್ಯಾಂಡಲ್, ಅವರ ಅಭಿಪ್ರಾಯ

ಸಿಟ್ಟು ಬರುವುದಕ್ಕೆ ದೊಡ್ಡ ಕಾರಣ ಬೇಕು ಅಂತ ತಿಳಿದವರು ಸಂಸಾರ ಮಾಡಿದವರಲ್ಲ. ದೊಡ್ಡ ಕಾರಣ ಬಂದಾಗ ನಾವು ಅಳುತ್ತೇವೆ, ಇಲ್ಲವೇ ದೇವರ ಮುಂದೆ ದೀಪ ಹಚ್ಚಿ ಸುಮ್ಮನೆ ಕೂತುಬಿಡುತ್ತೇವೆ. ಸಿಟ್ಟು ಬರುವುದು ಮುಚ್ಚಳ ಸರಿಯಾಗಿ ಕೂರದ ಡಬ್ಬಿಯ ಮೇಲೆ, ಬಾಗಿಲ ಸಂದಿಗೆ ಸಿಕ್ಕ ಸೆರಗಿನ ಮೇಲೆ, ಕರೆದದ್ದು ಕೇಳಿಸಿದರೂ ಕೇಳಿಸದವರಂತೆ ಪೇಪರ್ ಓದುವ ಗಂಡನ ಮೇಲೆ. ನನ್ನ ಸಿಟ್ಟು ನಮ್ಮ ಓಣಿಗೆಲ್ಲ ಗೊತ್ತಿದ್ದದ್ದು. ಹಾಲು ಹಾಕುವ ಈರಮ್ಮ ನಮ್ಮ ಮನೆಯಿಂದ ಹೊರಬಿದ್ದವಳೇ ಪಕ್ಕದ ಮನೆಯಲ್ಲಿ "ಅಕ್ಕೋರು ಇವತ್ತು ಭಾಳ ಬಿಸಿ ಅದಾರ, ಆ ಕಡಿ ಹೋಗಬ್ಯಾಡ್ರಿ" ಅಂತ ಹೇಳಿ ಮುಂದೆ ಹೋಗುತ್ತಿದ್ದಳು. ಅಂಥ ನನ್ನ ಜೀವಮಾನದ ಅತಿ ದೊಡ್ಡ ಸಿಟ್ಟು ಬಂದದ್ದು ಒಂದು ಸೈಕಲ್ ಹ್ಯಾಂಡಲಿನ ಮೇಲೆ. ಹೆಬ್ಬೆರಳಿಗಿಂತ ತುಸು ದಪ್ಪನೆಯ ಒಂದು ಕೊಳವೆ, ಅಷ್ಟೇ. ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುತ್ತೇನೆ, ಉಳಿದಿರುವ ಹಲ್ಲುಗಳನ್ನು.

ನಾನು ಹುಟ್ಟಿ ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ನಾನಾ ಊರಿನ, ನಾನಾ ಭಾಷೆಯ ಜನ. ಹುಡುಗಿ ಸೈಕಲ್ ಹೊಡೆದರೆ ಯಾರೂ ಕುತ್ತಿಗೆ ತಿರುಗಿಸಿ ನೋಡುತ್ತಿರಲಿಲ್ಲ. ವರ್ಗವಾಗಿ ಹೊರಟಿದ್ದ ಒಬ್ಬ ಆಫೀಸರ ಮನೆಯಿಂದ ಅಪ್ಪ ನನಗೊಂದು ಲೇಡೀಸ್ ಸೈಕಲ್ ತಂದುಕೊಟ್ಟಿದ್ದ. ಅದು ಎಲ್ಲಿ ತಯಾರಾದದ್ದೋ ಏನೋ, ನಮ್ಮ ಕಡೆಯ ಸೈಕಲ್ಲುಗಳ ಹಾಗೆ ಇರಲಿಲ್ಲ. ನಮ್ಮ ಕಡೆಯವುಗಳಲ್ಲಿ ಹ್ಯಾಂಡಲ್ಲೂ ಅದನ್ನು ಹೊತ್ತ ಕಬ್ಬಿಣದ ಗೋಣೂ ಒಂದಕ್ಕೊಂದು ಬೆಸೆದುಕೊಂಡೇ ಬರುತ್ತಿದ್ದವು. ನನ್ನದರಲ್ಲಿ ಎರಡೂ ಬೇರೆ ಬೇರೆ. ಗೋಣಿನ ತುದಿಗೆ ಒಂದು ಬಾಯಿ. ಹ್ಯಾಂಡಲನ್ನು ಆ ಬಾಯಿಯೊಳಗೆ ತೂರಿಸಿ ಬೋಲ್ಟು ಬಿಗಿದರೆ ಅದು ಕಚ್ಚಿ ಹಿಡಿಯುತ್ತಿತ್ತು. ಮದುವೆಯಾಗಿ ಸೇಡಂಗೆ ಬಂದಾಗ ಹಾಸಿಗೆ, ಹಂಡೆ, ಕೊಡಗಳ ಜೊತೆ ಅದೂ ಬಂತು. ಇಳಿಸಿಕೊಳ್ಳುವಾಗ ನಮ್ಮತ್ತೆ ಅದೊಂದನ್ನು ಮಾತ್ರ ಮುಟ್ಟಲಿಲ್ಲ.

ಆಗಷ್ಟೇ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿತ್ತು. ನನಗೆ ಕೋಡ್ಲಾದ ಶಾಲೆಯಲ್ಲಿ ಕೆಲಸ ಸಿಕ್ಕಿತು, ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯ ಬೋರ್ಡಿನ ಮೇಲೆ ಮೈಸೂರು ರಾಜ್ಯ ಅಂತಲೇ ಇತ್ತು, ಹೆಡ್‌ಮಾಸ್ತರರು ಮಾತ್ರ ಹೊಸ ಹೆಸರಿನ ಹುರುಪಿನಲ್ಲಿದ್ದರು. ಪ್ರಾರ್ಥನೆ ಮುಗಿದ ಮೇಲೆ ಬಂದವರನ್ನು ವಾಪಸ್ ಕಳಿಸುತ್ತಿದ್ದರು. ಬೆಳಗಿನ ಬಸ್ಸು ತನಗೆ ಮನಸ್ಸಾದಾಗ ಬರುತ್ತಿತ್ತು. ಅಂದಮೇಲೆ ಸೈಕಲ್ ಇದ್ದರೆ ನೌಕರಿ, ಇಲ್ಲದಿದ್ದರೆ ಇಲ್ಲ. ಅತ್ತೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ನೋಡವ್ವಾ, ಹೆಣ್ಮಕ್ಕಳು ಸೈಕಲ್ ಹೊಡಿಯೋದು ನಮ್ಮ ಮನಿತನದಾಗ ಇಲ್ಲ. ನೌಕರಿ ಅಂತಿ, ಹೊಡಿ. ಆದ್ರ ಸೈಕಲ್ ಮ್ಯಾಲಿಂದ ಬಿದ್ದ ಸುದ್ದಿ ನನ್ನ ಕಿವಿಗಿ ಬಂತಂದ್ರ, ಅವತ್ತೇ ಅದು ಈ ಮನಿ ಬಿಡಬೇಕು." ನಮ್ಮತ್ತೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡದ್ದನ್ನು ಮಾವನವರೂ ನೋಡಿರಲಿಲ್ಲವಂತೆ.

ನಮ್ಮವರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವರು ತಹಸೀಲ್ ಕಚೇರಿಯಲ್ಲಿ ಗುಮಾಸ್ತರು, ಬಂಗಾರದಂಥ ಮನುಷ್ಯ. ಆದರೆ ಸೈಕಲ್ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿಯಲು ಹೋಗಿ ಬಾವಿಕಟ್ಟೆಗೆ ಗುದ್ದಿದವರು, ಆಮೇಲೆ ಅದರ ಸುದ್ದಿಗೇ ಹೋಗಿರಲಿಲ್ಲ. ಇದು ಮನೆಯ ನಾಲ್ಕು ಗೋಡೆಗಳ ನಡುವಿನ ಗುಟ್ಟು. ಸಾಹೇಬರು ತಮ್ಮ ಘನತೆಗೆ ತಕ್ಕಂತೆ ನಡೆದೇ ಓಡಾಡುತ್ತಾರೆ ಅಂತ ಊರಿನವರು ಅಂದುಕೊಂಡಿದ್ದರು.

ಒಂದು ದಿನ ಎದುರುಮನೆಯ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು, ಗೋಡೆಗೆ ಆನಿಸಿದ್ದ ನನ್ನ ಸೈಕಲ್ಲಿಗೆ ಕತ್ತು ತಿಕ್ಕಿತು. ತಿಕ್ಕಿದ ಸುಖಕ್ಕೆ ಹಾಗೇ ಒರಗಿತು. ಹ್ಯಾಂಡಲ್ ಕುಡುಗೋಲಿನ ಹಾಗೆ ಬಾಗಿಹೋಯಿತು. ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದ್ದರಿಂದ ಅದು ಬಿದ್ದ ಲೆಕ್ಕಕ್ಕೆ ಸೇರಲಿಲ್ಲ. ಎಮ್ಮೆಗೆ ಒಂದು ಮಾತೂ ಅನ್ನಲಿಲ್ಲ, "ಬಿಸಿಲಿನಾಗ ಅದಕ್ಕೂ ಮೈ ತುರಿಸಿ ತಿಂಡಿ ಎದ್ದಿತ್ತು ಪಾಪ" ಅಂದರು. ಈ ಮನೆಯಲ್ಲಿ ಎಮ್ಮೆಯ ಕಷ್ಟ ಕೇಳುವವರಿದ್ದರು.

ಸಂಜೆ ಖಾಸಿಂಸಾಬನ ಸೈಕಲ್ ಅಂಗಡಿಗೆ ಹೊರಟೆವು. ಗಂಡ ಜೊತೆಗಿರುವಾಗ ಹೆಂಡತಿ ಸೈಕಲ್ ತಳ್ಳಿದರೆ ಸೇಡಂ ಬಜಾರಿನ ಕಣ್ಣಿಗೆ ಚುಚ್ಚುತ್ತದೆ. ಹಾಗಾಗಿ ನಮ್ಮವರು ತಳ್ಳಿದರು, ಹೆಜ್ಜೆಗೊಮ್ಮೆ ಪೆಡಲಿನಿಂದ ಮೊಣಕಾಲಿಗೆ ಪೆಟ್ಟು ತಿಂದರು. ನಾನು ಸೆರಗು ಹೊದ್ದು ಹಿಂದೆ ನಡೆದೆ. ಖಾಸಿಂಸಾಬ ಎದ್ದು ನಿಂತು, "ಬರ್ರಿ ಸಾಹೇಬ್ರ, ಕುಂದ್ರಿ. ಏನಾಗ್ಯಾದ್ರಿ ಗಾಡಿಗಿ?" ಅಂದ. ಹೊಸ ಹ್ಯಾಂಡಲ್ ಬೇಕೆಂದರು. "ಎಷ್ಟು ಅಗಲಂದು ಹಾಕ್ಲಿರಿ ನಿಮಗ?" ನಮ್ಮವರು ನನ್ನ ಮುಖ ನೋಡಿದರು. ನಾನು ಕೈಯಗಲಿಸಿ ತೋರಿಸಿ, "ಇಷ್ಟು" ಅಂದೆ. ಖಾಸಿಂಸಾಬ ನನ್ನ ಕಡೆ ನೋಡಲೇ ಇಲ್ಲ. ಪರರ ಹೆಂಗಸನ್ನು ದಿಟ್ಟಿಸಿ ನೋಡಬಾರದೆಂಬ ಮರ್ಯಾದೆ. ಅವನು ಒಳ್ಳೆಯವನು, ಸಿಟ್ಟು ಇನ್ನಷ್ಟು ಬರುವುದು ಅದಕ್ಕೇ. "ಸಾಹೇಬ್ರ, ಎತ್ತರ ಬಾಗಿದ್ದು ಬೇಕೋ, ಸಪಾಟಿದ್ದದ್ದು ಬೇಕೋ?" ಅಂತ ಮತ್ತೆ ಅವರನ್ನೇ ಕೇಳಿದ. "ಯಾವುದಾದ್ರೂ ನಡೀತದ" ಅಂದರು ನಮ್ಮವರು. ಸೈಕಲ್ ಹೊಡೆಯದವರಿಗೆ ಯಾವುದಾದರೂ ನಡೆಯುತ್ತದೆ.

ಇದನ್ನು ಯೋಚಿಸಿದಾಗೆಲ್ಲ ನನಗೆ ನಮ್ಮ ಓಣಿಗೆ ಬರುವ ಬಳೆಗಾರ ನೆನಪಾಗುತ್ತಾನೆ. ಅವನೂ ಗಂಡಸೇ, ಅವನಿಗೂ ಮರ್ಯಾದೆ ಗೊತ್ತು. ಆದರೆ ಅವನು ಬಂದು ನನ್ನ ಗಂಡನ ಕೈ ಹಿಚುಕಿ ನೋಡಿ ನನಗೆ ಬಳೆ ತೊಡಿಸುವುದಿಲ್ಲ. ಕೈ ಯಾರದೋ ಅವರ ಅಳತೆ. ತುಸು ದೊಡ್ಡದಾದರೆ ಪಾತ್ರೆ ತೊಳೆಯುವಾಗ ಜಾರಿ ಬೀಳುತ್ತದೆ, ಸಣ್ಣದಾದರೆ ಗೆಣ್ಣಿನ ಹತ್ತಿರ ಒಡೆದು ರಕ್ತ ಬರುತ್ತದೆ ಅಂತ ಅವನಿಗೆ ಗೊತ್ತು. ಅದೇ ಕೈ ಹ್ಯಾಂಡಲ್ ಹಿಡಿದರೆ ಮಾತ್ರ ಅಳತೆ ತಹಸೀಲ್ ಕಚೇರಿಗೆ ಹೋಗಿಬಿಡುತ್ತದೆ.

ಖಾಸಿಂಸಾಬ ಅಂಗಡಿಯಲ್ಲಿದ್ದ ಒಂದು ಹ್ಯಾಂಡಲನ್ನು ಗೋಣಿನ ಬಾಯಿಗೆ ತೂರಿಸಿದ. ಅದು ಒಳಗೆ ಲೊಡಲೊಡ ಅಂದಿತು. ಬೋಲ್ಟು ಬಿಗಿದ. ಬಾಯಿಯ ಎರಡು ತುಟಿಗಳೂ ಒಂದಕ್ಕೊಂದು ಕೂಡಿಕೊಂಡವು, ಹ್ಯಾಂಡಲ್ ಇನ್ನೂ ತಿರುಗುತ್ತಲೇ ಇತ್ತು. ತುಟಿ ಕೂಡಿದ ಮೇಲೆ ಇನ್ನೆಷ್ಟು ಬಿಗಿದರೇನು, ಕಚ್ಚಲು ಜಾಗವೇ ಇಲ್ಲ. "ಫಿಕರ್ ಮಾಡಬ್ಯಾಡ್ರಿ, ತಗಡು ಹಾಕ್ತೀನಿ" ಅಂತ ಹಾಲಿನ ಪುಡಿಯ ಡಬ್ಬಿ ಕತ್ತರಿಸಿ, ಮಡಚಿ, ಸಂದಿಗೆ ತುರುಕಿ, ಸುತ್ತಿಗೆಯಿಂದ ಬಡಿದ. ಪಕ್ಕದ ಚಹಾದಂಗಡಿಯ ಬೆಂಚಿನ ಮೇಲಿದ್ದವರೂ ತಮ್ಮ ತಮ್ಮ ಸಲಹೆ ಕೊಟ್ಟರು. ಒಬ್ಬ ಹಳೇ ಟ್ಯೂಬಿನ ತುಂಡು ಹಾಕು ಅಂದ, ಇನ್ನೊಬ್ಬ ಬಟ್ಟೆ ಸುತ್ತು ಅಂದ. ಎಲ್ಲರ ಸಲಹೆಯೂ ಕೊನೆಗೆ ಬಂದು ನಿಂತದ್ದು "ನಡೀತದ" ಅನ್ನುವಲ್ಲಿ. ನಮ್ಮ ಊರಿನ ನಲ್ಲಿ, ದೀಪ, ರಸ್ತೆ ಎಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದ್ದವು.

ಮರುದಿನ ಕೋಡ್ಲಾ ದಾರಿಯಲ್ಲಿ ಮೊದಲನೇ ತಗ್ಗು ಬಂದಾಗ ನಡೆದದ್ದು ಇಷ್ಟು. ಹ್ಯಾಂಡಲ್ ಗಿರ್ರನೆ ಕೆಳಗೆ ತಿರುಗಿತು, ನನ್ನ ಎರಡೂ ಕೈ ಮೊಣಕಾಲಿಗೆ ಬಂದವು. ಹೇಗೋ ಕಾಲೂರಿ ನಿಂತೆ. ಎದುರಿಗೆ ಬರುತ್ತಿದ್ದ ಎತ್ತಿನ ಗಾಡಿಯವನು ನಮ್ಮ ಅತ್ತೆಗೆ ದೂರದ ನೆಂಟ. ಇನ್ನೊಂದು ಕ್ಷಣ ತಡವಾಗಿದ್ದರೆ ಸೈಕಲ್ಲೂ ಹೋಗುತ್ತಿತ್ತು, ನೌಕರಿಯೂ ಹೋಗುತ್ತಿತ್ತು. ಆಮೇಲೆ ನಾನು ಕಟ್ಟೆಯ ಮೇಲೆ ಕೂತು ಎಮ್ಮೆಯ ತುರಿಕೆಯ ವಿಚಾರ ಮಾತಾಡುತ್ತ ಮುದುಕಿಯಾಗಬೇಕಿತ್ತು. ಉಳಿದ ದಾರಿಯನ್ನು ಒಂದು ಕೈಯಲ್ಲಿ ಗೋಣನ್ನೇ ಅವುಚಿ ಹಿಡಿದು ಕಳೆದೆ.

ಸಂಜೆ ಮತ್ತೆ ಅಂಗಡಿಗೆ ಹೋದೆವು. ಈ ಸಲ ನಾನು ತಯಾರಾಗಿ ಹೋಗಿದ್ದೆ. ಎಮ್ಮೆ ಬಗ್ಗಿಸಿದ ಹಳೇ ಹ್ಯಾಂಡಲಿನ ನಡುವಿಗೆ ಹೊಲಿಗೆಯ ದಾರ ಸುತ್ತಿ, ಕೂಡಿದಲ್ಲಿ ಗಂಟು ಹಾಕಿದ್ದೆ. ಅದೇ ದಾರವನ್ನು ಹೊಸ ಹ್ಯಾಂಡಲಿನ ನಡುವಿಗೆ ಸುತ್ತಿ ತೋರಿಸಿದೆ. ಅರ್ಧ ಬೆರಳಿನಷ್ಟು ದಾರ ಜೋಲು ಬಿತ್ತು. "ನೋಡ್ರಿ, ಈ ಪೈಪು ಸಣ್ಣದದ. ಇದಕ್ಕ ತಗಡಿನ ಔಷಧ ಇಲ್ಲ. ಈ ಬಾಯಿಗಿ ಒಪ್ಪೋ ಹ್ಯಾಂಡಲ್ಲೇ ಬೇಕು" ಅಂದೆ, ಸ್ಪಷ್ಟವಾಗಿ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ. ಖಾಸಿಂಸಾಬ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ನಮ್ಮವರ ಕಡೆ ತಿರುಗಿ, "ಅಕ್ಕೋರು ಏನಂತಾರ್ರಿ ಸಾಹೇಬ್ರ?" ಅಂದ.

"ಪೈಪು ಸಣ್ಣದದ ಅಂತಾರ" ಅಂದರು ನಮ್ಮವರು. ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವವರನ್ನು ನಾನು ಅವತ್ತೇ ನೋಡಿದ್ದು.

"ಹೆಣ್ಮಕ್ಕಳ ಕೈ ಹಗುರ ಇರ್ತದ್ರಿ, ಅಂಜಿಕಿಗಿ ಹಂಗ ಅನಸ್ತದ. ನೀವೇ ಒಂದು ರೌಂಡ್ ಹೊಡದು ನೋಡ್ರಿ, ಖರೇ ಏನದ ಗೊತ್ತಾಗ್ತದ."

ಚಹಾದಂಗಡಿಯ ಬೆಂಚಿನಲ್ಲಿ ಅವರ ಕಚೇರಿಯ ಜವಾನನೂ ಕೂತಿದ್ದ. ಅವನ ಮುಂದೆ ತಮಗೆ ಸೈಕಲ್ ಬರುವುದಿಲ್ಲ ಅಂತ ಹೇಳುವುದಕ್ಕಿಂತ ಸಾಯುವುದೇ ಮೇಲು ಅಂತ ಅವರ ಮುಖ ಹೇಳುತ್ತಿತ್ತು. ನಾನಾದರೂ ತಡೆಯಬೇಕಿತ್ತು. ಆದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. "ಹೂಂ, ಹೊಡೀರಿ, ನಿಮಗೇ ಖರೇ ಗೊತ್ತಾಗೋದು" ಅಂದುಬಿಟ್ಟೆ. ಅವರು ಧೋತರ ಎತ್ತಿ ಕಟ್ಟಿ ಹತ್ತಿದರು. ಅಂಗಡಿಯ ಮುಂದೆ ಇಳಿಜಾರು. ಸೈಕಲ್ ತಾನೇ ಹೊರಟಿತು, ಅವರು ಮೇಲಿದ್ದರು ಅಷ್ಟೇ. ಗಾಬರಿಯಲ್ಲಿ ಹ್ಯಾಂಡಲನ್ನು ಒತ್ತಿ ಹಿಡಿದದ್ದೇ ತಡ, ಅದು ಗಿರ್ರನೆ ತಿರುಗಿತು. ದಾಲ್ ಮಿಲ್ಲಿನ ಮುಂದೆ ರಾಶಿ ಹಾಕಿದ್ದ ತೊಗರಿ ಹೊಟ್ಟಿನಲ್ಲಿ ನಮ್ಮವರು ಸೊಂಟದವರೆಗೆ ಹೊಕ್ಕರು. ಓಡಿಹೋಗಿ ಎಬ್ಬಿಸಿದೆವು. ಮೊಣಕೈ ತರಚಿತ್ತು, ಮೀಸೆಯ ತುಂಬ ಹೊಟ್ಟು. ಖಾಸಿಂಸಾಬ ಸೈಕಲ್ ಎತ್ತಿ, ಹ್ಯಾಂಡಲ್ ಅಲುಗಿಸಿ ನೋಡಿ, "ಅರೆ, ಪೈಪು ಸಣ್ಣದಾಗ್ಯಾದಲ್ರೀ ಸಾಹೇಬ್ರ. ಮೊದಲೇ ಹೇಳಬಾರದೇನ್ರಿ?" ಅಂದ. ಆಗ ನನ್ನ ಕೈಯಲ್ಲಿ ಅವನ ಬೋಲ್ಟು ಬಿಗಿಯುವ ಪಾನಾ ಇರಲಿಲ್ಲವಲ್ಲ, ಅದು ಅವನ ಪುಣ್ಯ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗನ ಮೊಣಕೈ ನೋಡಿದರು, ಸೈಕಲ್ ನೋಡಿದರು, ನನ್ನನ್ನು ನೋಡಿದರು. "ನಾ ಮೊದಲೇ ಹೇಳಿದ್ದೆ. ನಾಳಿ ಇದನ್ನ ಯಾರಿಗ್ಯಾದ್ರೂ ಮಾರಿ ಬರ್ರಿ." ನನ್ನ ಕಣ್ಣ ಮುಂದೆ ಕೋಡ್ಲಾ ಶಾಲೆ, ಹುಡುಗಿಯರ ಸಾಲು, ನನ್ನ ಕುರ್ಚಿ ಎಲ್ಲ ಬಂದು ಹೋದವು. ಸೊಸೆಯಾಗಿ ಬಂದ ಮೇಲೆ ಅತ್ತೆಯ ಮುಂದೆ ದನಿ ಎತ್ತಿದವಳಲ್ಲ ನಾನು. ಅವತ್ತು ಎತ್ತಿದೆ. "ಅತ್ತಿ, ನಾ ಇಲ್ಲೀತನ ಒಂದು ದಿನಾನೂ ಬಿದ್ದಿಲ್ರಿ. ಬಿದ್ದವರು ನಿಮ್ಮ ಮಗ. ಮಾರೋದೇ ಆದ್ರ ಅವರನ್ನ ಮಾರ್ರಿ."

ನಮ್ಮವರು ಮೀಸೆಯಿಂದ ಒಂದೊಂದೇ ಹೊಟ್ಟು ತೆಗೆಯುತ್ತ ನಿಂತರು. ಅತ್ತೆ ಮಗನನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. "ಇವನ್ನ ಯಾರು ತೊಗೋತಾರವ್ವಾ" ಅಂದು ಅರಿಶಿನ ತರಲು ಒಳಗೆ ಹೋದರು. ಸೈಕಲ್ಲಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಆ ಭಾನುವಾರ ತವರಿಗೆ ಹೋಗಿ, ವಾಡಿಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ದಾರ ಸುತ್ತಿ ಸುತ್ತಿ ನೋಡಿ, ಗಂಟಿಗೆ ಗಂಟು ಕೂಡುವ ಹ್ಯಾಂಡಲ್ ಹುಡುಕಿ ತಂದೆ. ನಮ್ಮವರ ಮೊಣಕೈಗೆ ಇನ್ನೂ ಪಟ್ಟಿ ಇತ್ತು. ನಾನೊಬ್ಬಳೇ ಸೈಕಲ್ ತಳ್ಳಿಕೊಂಡು ಬಜಾರಿನ ನಡುವೆ ಹೋದೆ. ನೋಡುವವರು ನೋಡಿದರು. ಖಾಸಿಂಸಾಬ ಹ್ಯಾಂಡಲ್ ತೂರಿಸಿದ. ತಗಡಿಲ್ಲ, ಬಟ್ಟೆಯಿಲ್ಲ, ಒಳಗೆ ಹೋಗಿ ಗಪ್ಪನೆ ಕೂತಿತು. ಪೂರ್ತಿ ಬಿಗಿಯುವ ಮೊದಲು ಪಾನಾ ಹಿಡಿದು ನನ್ನ ಹಿಂದೆ ನೋಡಿದ, ಅತ್ತ ಇತ್ತ ನೋಡಿದ. ಸಾಹೇಬರು ಎಲ್ಲೂ ಇರಲಿಲ್ಲ. ಬೇರೆ ದಾರಿ ಕಾಣದೆ, ನೆಲ ನೋಡುತ್ತ, "ಅಕ್ಕೋರ, ಹಿಂಗೇ ಇರ್ಲೇನ್ರಿ, ಇನ್ನಾ ಸ್ವಲ್ಪ ಮ್ಯಾಲ ತಿರುಗಸ್ಲೇನ್ರಿ? ನಿಮ್ಮ ಕೈಗಿ ಹ್ಯಾಂಗ ಬೇಕು?" ಅಂತ ಕೇಳಿದ.

ಇಷ್ಟು ದಿನ ಹಲ್ಲು ಕಡಿದದ್ದು ಈ ಒಂದು ಪ್ರಶ್ನೆಗೆ. ಬೆಂಚಿನ ಮೇಲಿದ್ದವರೂ ಚಹಾ ಕುಡಿಯುವುದು ನಿಲ್ಲಿಸಿ ನನ್ನ ಉತ್ತರಕ್ಕೆ ಕಾದರು. ನಾನು ಹ್ಯಾಂಡಲ್ ಮೇಲೆ ಎರಡೂ ಕೈಯಿಟ್ಟು ನೋಡಿದೆ, ತಲೆಯೆತ್ತಿದೆ, ಬಾಯಿ ತೆರೆದೆ. "ಸ್ವಲ್ಪ ತಡೀರಿ," ಅಂದಿತು ರೂಢಿಬಿದ್ದ ಆ ಬಾಯಿ, "ಮನ್ಯಾಗ ಅವರನ್ನ ಒಂದು ಮಾತು ಕೇಳಿ ಬರ್ತೀನಿ."

ಖಾಸಿಂಸಾಬ ನಿರಾಳವಾಗಿ ಪಾನಾ ಕೆಳಗಿಟ್ಟ. "ಹಂಗೇ ಮಾಡ್ರಿ" ಅಂದ, "ಅವರು ಒಮ್ಮೆ ಬಿದ್ದವರು, ಅವರಿಗಿ ಗೊತ್ತಿರ್ತದ."