ಕೆಂಪು ಗುರುತು ಬಿದ್ದ ಹೆಂಚು

ಸೊಟ್ಟಗಿರುವುದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಗುಣವೆಂದು ನಾನೂ, ಕಾಯಿಲೆಯೆಂದು ನನ್ನ ಹೆಂಡತಿ ಸರೋಜಳೂ ಇಪ್ಪತ್ತೊಂಬತ್ತು ವರ್ಷಗಳಿಂದ ವಾದಿಸುತ್ತ ಬಂದಿದ್ದೇವೆ. ನೆಂಟರ ಮನೆಗೆ ಹೋದರೆ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೇರ ಮಾಡುತ್ತೇನೆ, ಆಮೇಲೆ ಯೋಗಕ್ಷೇಮ ವಿಚಾರಿಸುತ್ತೇನೆ. ತಪ್ಪು ನನ್ನದಲ್ಲ, ಕೆಲಸದ್ದು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವನು. ಲೇತಿನಿಂದ ಇಳಿದ ಪೀಸುಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗಿದ್ದರೂ ಕೆಂಪು ಬಣ್ಣ ಹಚ್ಚಿ ರಿಜೆಕ್ಟ್ ಡಬ್ಬಕ್ಕೆ ಹಾಕುವುದು, ಇಷ್ಟೇ ನನ್ನ ಕಸುಬು. ಕೆಂಪು ಬಿದ್ದಮೇಲೆ ಮ್ಯಾನೇಜರೇ ಬಂದು ಗಲ್ಲ ಹಿಡಿದು ಕೇಳಿಕೊಂಡರೂ ನಾನು ಕರಗಿದವನಲ್ಲ. ಆದರೆ ನನ್ನನ್ನೇ ಒಬ್ಬರು ಇನ್‌ಸ್ಪೆಕ್ಟ್ ಮಾಡಿದ್ದುಂಟು. ಹೆಣ್ಣು ನೋಡಲು ಹೋದ ದಿನ ಸರೋಜಳ ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನಗೆ ಕೇಳಿಸುವ ಹಾಗೆಯೇ, "ಉಡುಗನ ಎಡಗಡೆ ಭುಜ ಒಸಿ ತಗ್ಗು. ಓಗ್ಲಿ, ಪರ್ವಾಗಿಲ್ಲ" ಎಂದಿದ್ದರು.

ಅದೇ ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಮಕ್ಕಳಿರಲಿಲ್ಲ. ಅತ್ತಿಬೆಲೆಯ ಆಚೆ ಹಳ್ಳಿಯಲ್ಲಿದ್ದ ನಾಡಹೆಂಚಿನ ಪುಟ್ಟ ಮನೆಯನ್ನು ಸರೋಜಳ ಹೆಸರಿಗೆ ಬರೆದಿಟ್ಟಿದ್ದರು. ಮನೆಯ ಸುತ್ತಮುತ್ತ ಈಗಾಗಲೇ ಮೂರು ತಗಡಿನ ಗೋಡೌನುಗಳು ಬಂದು ನಿಂತಿವೆ. ನಾಲ್ಕನೆಯದಕ್ಕೆ ಈ ಜಾಗವೇ ಬೇಕೆಂದು ಒಬ್ಬರು ಕೇಳುತ್ತಿದ್ದರು. ಕೊಟ್ಟರೆ ಮನೆ ಕೆಡವುವುದು ಖಂಡಿತ.

ನನಗೋ ಆ ಮನೆಯ ಮೇಲೆ ಆಸೆ ಹುಟ್ಟಿಬಿಟ್ಟಿತ್ತು. ಬಾಗಲಗುಂಟೆಯ ನಮ್ಮ ಮನೆಯಲ್ಲಿ ಕಿಟಕಿ ತೆಗೆದರೆ ಪಕ್ಕದವರ ಅಡುಗೆಮನೆ, ಬಾಗಿಲು ತೆಗೆದರೆ ಎದುರಿನವರ ಸ್ಕೂಟರು. ಮುಂದಿನ ವರ್ಷ ರಿಟೈರ್ ಆದಮೇಲೆ ಆ ಹಳ್ಳಿಯ ಜಗಲಿಯಲ್ಲಿ ಈಸಿಚೇರು ಹಾಕಿಕೊಂಡು, ಏನನ್ನೂ ಅಳೆಯದೆ, ಮೋಡ ನೋಡುತ್ತ ಕೂರಬೇಕು ಎಂದು ಶಿಫ್ಟಿನ ನಡುವೆಯೇ ಕನಸು ಕಾಣತೊಡಗಿದೆ. ಆದರೆ ತೀರ್ಮಾನ ಸರೋಜಳದು. "ಒಂದು ದಿನ ಹೋಗಿ ಅಲ್ಲಿ ಸುಮ್ಮನೆ ಕೂತು ಬರ್ತೀನಿ ಕಣ್ರೀ. ಆಮೇಲೆ ಇಟ್ಕೊಳ್ಳೋದಾ ಕೊಡೋದಾ ಹೇಳ್ತೀನಿ. ಅಷ್ಟರಲ್ಲಿ ಸೋರೋದೊಂದು ನಿಲ್ಲಿಸಿ" ಎಂದಳು. ಒಳ್ಳೆಯ ಸೂರು ಮಾಡಿಕೊಟ್ಟರೆ ಮನೆ ಉಳಿಯುತ್ತದೆ ಎಂದು ನಾನು ಅರ್ಥ ಮಾಡಿಕೊಂಡೆ.

ಬೇಸಿಗೆಯ ಭಾನುವಾರಗಳೆಲ್ಲ ಅಲ್ಲೇ ಕಳೆದವು. ಬಾಗಲಗುಂಟೆಯಿಂದ ಅತ್ತಿಬೆಲೆಗೆ ಹೋಗುವುದೆಂದರೆ ಬೆಂಗಳೂರನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊಲಿದ ಹಾಗೆ. ಬೆಳಗಿನ ಜಾವವೇ ಹೊರಟು, ಚೀಲದಲ್ಲಿ ಬುತ್ತಿ, ಹಗ್ಗ, ಕೆಂಪು ಬಣ್ಣದ ಡಬ್ಬಿ, ಜೊತೆಗೆ ಕಾರ್ಖಾನೆಯಲ್ಲಿ ಪೀಸು ಅಳೆಯುವ ನನ್ನ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ಹೋಗುತ್ತಿದ್ದೆ. ನಾಡಹೆಂಚು ಹೊದಿಸುವ ಕ್ರಮ ನೋಡಲು ಸುಲಭ. ಕೆಳಸಾಲು ಅಂಗಾತ, ಮೇಲುಸಾಲು ಬೋರಲು. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಎಲ್ಲವನ್ನೂ ತೆಗೆದು, ಧೂಳು ಕೊಡವಿ, ಒಡೆದದ್ದನ್ನು ಬದಲಿಸಿ ಮತ್ತೆ ಕೂರಿಸಬೇಕು. ಇಷ್ಟನ್ನೇ ಮಾಡಿದ್ದರೆ ಯಾವ ತೊಂದರೆಯೂ ಇರಲಿಲ್ಲ. ನಾನು ಮೊದಲ ಹೆಂಚು ತೆಗೆದವನೇ ಅಭ್ಯಾಸಬಲದಿಂದ ಅದಕ್ಕೆ ಕ್ಯಾಲಿಪರ್ ಹಚ್ಚಿದೆ. ಎರಡನೆಯದಕ್ಕೂ ಹಚ್ಚಿದೆ. ಒಂದರ ಹಾಗೆ ಇನ್ನೊಂದಿರಲಿಲ್ಲ. ಒಂದು ಅಗಲ, ಒಂದು ಗಿಡ್ಡ, ಒಂದರ ಬೆನ್ನು ಡೊಂಕು. ಸಂಜೆಯ ಹೊತ್ತಿಗೆ ಸೂರಿನ ಮುಕ್ಕಾಲು ಪಾಲಿಗೆ ಕೆಂಪು ಗುರುತು ಬಿದ್ದು ಹಿತ್ತಿಲಲ್ಲಿ ರಿಜೆಕ್ಟ್ ರಾಶಿ ಎದ್ದಿತ್ತು.

ಪಕ್ಕದ ಮನೆಯ ಮುನಿಯಪ್ಪನವರು ಬೇಲಿಯ ಹತ್ತಿರ ಬಂದು ನಿಂತರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲುಮನೆ ಕಟ್ಟಿಸಿ ಕಾರ್ಖಾನೆಯವರಿಗೆ ಬಾಡಿಗೆಗೆ ಕೊಟ್ಟಿರುವ ಹಿರಿಯರು. ಸರೋಜ ಊರ ಮಗಳಾದ್ದರಿಂದ ನಾನು ಅವರಿಗೆ ಅಳಿಯ.

"ಏನ್ ಅಳಿಯಂದ್ರೆ, ಎಂಚಿಗೆಲ್ಲ ಕುಂಕುಮ ಇಕ್ಕಿದ್ದೀರಿ?"

"ಅಳತೆಗೆ ಬರಲ್ಲ ಇವು" ಎಂದೆ.

"ಕುಂಬಾರ ಕೈಯಾಗೆ ಮಾಡಿದ್ದು. ಅವನೇನು ಅಳೆದು ಮಾಡಿದ್ನಾ? ಒಂದನ್ನೊಂದು ಅನುಸರಿಸ್ಕಂಡು ಓಯ್ತವೆ ಬುಡಿ."

ಅನುಸರಿಸಿಕೊಂಡು ಹೋಗುವುದು ನನ್ನ ವಿಭಾಗದಲ್ಲಿ ಇಲ್ಲದ ಮಾತು. ಅವರ ಕೊಟ್ಟಿಗೆಯ ಹಿಂದೆ ಕೆಡವಿದ ಎರಡು ಹಳೆಯ ಮನೆಗಳ ಹೆಂಚು ಬಿದ್ದಿತ್ತು. ಅದನ್ನೇ ಕೇಳಿ ಪಡೆದು, ಒಂದೇ ಅಳತೆಯವನ್ನು ಆರಿಸಿ ಆರಿಸಿ ಕೂರಿಸತೊಡಗಿದೆ.

ನಿಜ ಹೇಳುತ್ತೇನೆ, ಕೆಲಸಕ್ಕಿಂತ ಹೆಚ್ಚು ಹೊತ್ತು ನಾನು ಸೂರಿನ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ದೂರದಲ್ಲಿ ರಾಜ್ಯದ ಗಡಿಯ ಕಡೆ ಹೋಗುವ ಲಾರಿಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಗೋಡೌನಿನ ತಗಡುಗಳ ಮೇಲೆ ಬಿಸಿಲು ನಡುಗುತ್ತಿತ್ತು. ಹಿತ್ತಿಲ ಸೀಬೆಮರದ ನೆರಳು ನನ್ನ ಕಾಲಿನ ಮೇಲೆ ಬಂದು, ಹೋಗಿ, ಮತ್ತೆ ಬರುತ್ತಿತ್ತು. ಕೈಯಲ್ಲೊಂದು ಹೆಂಚು ಹಿಡಿದು, ಇದನ್ನು ಮಾಡಿದವನು ಆವತ್ತು ಏನು ಯೋಚಿಸುತ್ತಿದ್ದನೋ ಎಂದುಕೊಳ್ಳುತ್ತಲೇ ಬುತ್ತಿಯ ಹೊತ್ತಾಗುತ್ತಿತ್ತು. ಅಷ್ಟು ಸುಖ ನನಗೆ ಕಾರ್ಖಾನೆಯ ಯಾವ ಮೇ ತಿಂಗಳಲ್ಲೂ ಸಿಕ್ಕಿರಲಿಲ್ಲ.

ಮೇ ಕೊನೆಯ ಭಾನುವಾರ ಸರೋಜಳನ್ನು ಕರೆದುಕೊಂಡು ಹೋದೆ. ಒಳಗೆ ನಿಲ್ಲಿಸಿ, "ಮೇಲೆ ನೋಡು" ಎಂದೆ. ಎಲ್ಲೂ ಒಂದು ಚೂರು ಬೆಳಕು ತೂರುತ್ತಿರಲಿಲ್ಲ. ಅವಳು ಮೇಲೆ ನೋಡಿದಳು, ನೆಲ ನೋಡಿದಳು. ಮೂಲೆಯ ಒರಳುಕಲ್ಲಿನ ಹತ್ತಿರ ಹೋಗಿ ಕೂತಳು. ಹತ್ತೂವರೆಯಿಂದ ಹನ್ನೊಂದರವರೆಗೆ ಒರಳನ್ನೇ ನೋಡುತ್ತಿದ್ದಳು. ಮೆಚ್ಚುಗೆಗೆ ಮಾತು ಹೊರಡುತ್ತಿಲ್ಲವೆಂದು ನಾನು ಹಿಗ್ಗುತ್ತಿದ್ದೆ.

"ಬಿಸಿಲು ಬರಲಿಲ್ಲ" ಎಂದಳು ಕೊನೆಗೆ.

"ಬರಬಾರದು ಅಂತಲೇ ತಾನೇ ಇಷ್ಟು ಪಾಡುಪಟ್ಟಿದ್ದು?"

"ಇಲ್ಲೊಂದು ಮೂಲೆ ಮುರಿದ ಹೆಂಚಿತ್ತು. ಸೀಬೆಕಾಯಿಗೆ ಅಂತ ಕಲ್ಲು ಹೊಡೆದು ನಾನೇ ಮುರಿದಿದ್ದು. ದೊಡ್ಡಮ್ಮ ಬೈಲಿಲ್ಲ, ಬದಲಾಯಿಸಲೂ ಇಲ್ಲ. ಗಡಿಯಾರ ಇರಲಿಲ್ಲವಲ್ಲ, ಬೇಸಿಗೆ ರಜದಲ್ಲಿ ಆ ತೂತಿನ ಬಿಸಿಲು ಒರಳು ಮುಟ್ಟಿದರೆ ಮುದ್ದೆಗೆ ಎಸರಿಗಿಡೋ ಹೊತ್ತು ಅನ್ನೋರು." ಸೆರಗಿನಿಂದ ಒರಳಿನ ಧೂಳು ಒರೆಸಿದಳು. "ಹೋಗಲಿ ಬಿಡಿ. ಚೆನ್ನಾಗಿ ಮಾಡಿದ್ದೀರಿ. ಆ ಗೋಡೌನಿನವರಿಗೆ ಹೂಂ ಅಂದ್ಬಿಡೋಣ."

ಈಸಿಚೇರು, ಜಗಲಿ, ಮೋಡ ಎಲ್ಲವೂ ಆ ಹೂಂನಲ್ಲಿ ಹೋಗುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಇವಳ ಬಾಲ್ಯಕ್ಕೆ ನಾನೇ ಕೈಯಾರೆ ಕೆಂಪು ಬಣ್ಣ ಬಳಿದಿದ್ದೆನಲ್ಲ ಎಂದು ನಾಚಿಕೆಯಾಯಿತು. ಹಿತ್ತಿಲಿಗೆ ಓಡಿದೆ. ರಿಜೆಕ್ಟ್ ರಾಶಿಯಲ್ಲಿ ಮೂಲೆ ಮುರಿದ ಹೆಂಚುಗಳೇ ಹತ್ತಾರಿದ್ದವು. ಎಲ್ಲದರ ಮೇಲೂ ನನ್ನದೇ ಕೆಂಪು ಗುರುತು. ಒಂದಷ್ಟನ್ನು ಚೀಲಕ್ಕೆ ತುಂಬಿ ಏಣಿ ಹತ್ತಿದೆ. ಒಂದು ಒಳ್ಳೆಯ ಹೆಂಚು ಕೀಳುವುದು, ಒಂದು ಮುರಿದದ್ದು ಕೂರಿಸುವುದು, ಸೂರಿಗೆ ಬಾಯಿಟ್ಟು "ಬಿಸಿಲು ಬಿತ್ತಾ?" ಎಂದು ಕೂಗುವುದು.

"ಉದ್ದಕ್ಕೆ ಬೀಳ್ತಿದೆ" ಎಂದಳು ಒಳಗಿನಿಂದ, ಉತ್ಸಾಹವಿಲ್ಲದೆ.

ಇನ್ನೊಂದು ಇಟ್ಟೆ. "ಎರಡು ಬಿತ್ತು." ಮತ್ತೊಂದು. "ಇನ್ನೂ ಈಚೆಗೆ ಬರಬೇಕು ಕಣ್ರೀ." ಅವಳ ದನಿ ಸ್ವಲ್ಪ ಮೇಲೇರಿತ್ತು. ಸೂರ್ಯ ನನಗಾಗಿ ನಿಲ್ಲುವವನಲ್ಲ, ಬೆವರು ಕಣ್ಣಿಗಿಳಿಯುತ್ತಿತ್ತು. ಏಳನೆಯ ಹೆಂಚು ಇಟ್ಟು, "ಸರಿಯಾಯ್ತಾ?" ಎಂದೆ.

ಅವಳು ಅಂಗಳಕ್ಕೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನತ್ತ ನೋಡಿದಳು. "ಒರಳು ಮುಟ್ತು. ಎಸರಿಗಿಡ್ಬೇಕು, ಇಳಿದು ಒಂದಿಷ್ಟು ಸೌದೆ ತನ್ನಿ" ಎಂದಳು. ಗೋಡೌನಿನವರ ಮಾತು ಮತ್ತೆ ಬರಲಿಲ್ಲ.

ಮುನಿಯಪ್ಪನವರು ಬೇಲಿಯಾಚೆಯಿಂದ ಎಲ್ಲವನ್ನೂ ನೋಡುತ್ತಿದ್ದರು. "ಅಲ್ಲಮ್ಮಣ್ಣಿ, ಬ್ಯಾಸ್ಗೆ ಪೂರ್ತಿ ರಿಪೇರಿ ಮಾಡಿ ಈಗ ಒಡ್ಕು ಎಂಚು ಮಡುಗ್ತಾರಲ್ಲ ನಿಮ್ ಯಜಮಾನ್ರು? ನಾಳೀಕೆ ಮಳೆ ಬಂದ್ರೆ ಅಲ್ಲೇ ಸೋರ್ತದೆ."

"ಸೋರಲಿ ಬಿಡಿ ಮಾವ, ಪಾತ್ರೆ ಇಡ್ತೀನಿ" ಎಂದಳು ಸರೋಜ. "ಇವರ ಎಡಭುಜನೂ ತಗ್ಗೇ. ಇಷ್ಟು ವರ್ಷ ಇಟ್ಕೊಂಡಿಲ್ವಾ?"

ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಮೊದಲ ಸಲ ರಿಜೆಕ್ಟ್ ಪೀಸೊಂದನ್ನು ಪಾಸು ಮಾಡಿದ್ದೆ; ನಮ್ಮಿಬ್ಬರಲ್ಲಿ ಅಂಥ ಕೆಲಸ ಮೊದಲು ಮಾಡಿದವನು ನಾನೇ ಎಂದು ಆ ಗಳಿಗೆಯವರೆಗೆ ಅಂದುಕೊಂಡಿದ್ದೆ. ಏಣಿ ಇಳಿದು ಸೌದೆಯ ಹೊರೆ ಎತ್ತಿಕೊಂಡೆ. ಮನೆಯೊಳಗೆ ಹೋಗುವ ಮೊದಲು, ಸ್ವಲ್ಪ ಸಮವಾಗಿ ಕಾಣಲೆಂದು, ಹೊರೆಯನ್ನು ಎಡಭುಜದಿಂದ ಬಲಭುಜಕ್ಕೆ ಬದಲಿಸಿಕೊಂಡೆ.