ಐದು ಹಿಂದ, ಒಂದು ಮುಂದ

ಗೇರ್ ಕಂಡು ಹಿಡಿದವ ನಾನಲ್ಲ, ಒಪ್ಪಿಕೋತೀನಿ. ಆದ್ರ ಆ ಪುಣ್ಯಾತ್ಮನಿಗಿಂತ ಮೊದಲು ನಾನು ಹುಟ್ಟಿದ್ರ ಅವನಿಗೆ ಆ ತ್ರಾಸ ಬೀಳ್ತಿದ್ದಿಲ್ಲ! ಹದಿನೆಂಟು ವರ್ಷದಿಂದ ರಾಯಚೂರಿನ್ಯಾಗ ಮೋಟಾರ್ ಮೆಕ್ಯಾನಿಕ್ ಪಾಠ ಹೇಳಾಕತ್ತೀನ್ರಿ. ಕರಿಹಲಗಿ ಮ್ಯಾಲ ನಾನು ಬರೆದ ಎಂಜಿನ್ ಒಂದೂ ಇವತ್ತಿನ ತನಕ ಕೆಟ್ಟು ನಿಂತಿಲ್ಲ. ಅಂಥಾ ಅಂಬರೇಶ ಮಾಸ್ತರ್ ನಾನು, ಒಂದು ದಿನ ಊಟಕ್ಕ ಕುಂತಾಗ ಘೋಷಣಾ ಮಾಡಿದೆ. ನಮ್ಮ ಕಾರು ನಾನೇ ಕಟ್ಟತೀನಿ. ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಇಡೀ ಜಿಲ್ಲಾ ಎದ್ದು ನಿಂತು ನೋಡಬೇಕು!

ನನ್ನ ಹೆಂಡತಿ ಯಶೋಧಾ ರೊಟ್ಟಿ ಮುರಿಯೋದು ನಿಲ್ಲಿಸಲಿಲ್ಲ. "ಎಲ್ಲಿ ಕಟ್ಟತೀರಿ?" ಅಂತ ಕೇಳಿದ್ಳು.

ಅಲ್ಲೇ ನೋಡ್ರಿ ಎಡವಟ್ಟಾದದ್ದು. ನಮ್ಮ ಮನಿಗೆ ಹೊಂದಿ, ರಸ್ತಾದ ಕಡಿಗೆ ಒಂದು ಶಟರಿನ ಮಳಿಗಿ ಅದ. ಅದು ಖಾಲಿ ಆದ ದಿನದಿಂದ ಅಲ್ಲಿ ಹೊಲಿಗಿ ಕ್ಲಾಸು ಹಾಕಬೇಕಂತ ಯಶೋಧಾ ಆಸಿ ಇಟ್ಟುಕೊಂಡಿದ್ಳು. ಎರಡು ಹೊಲಿಗಿ ಮಷೀನು ಹಳೇ ಸೀರಿ ಹೊದ್ದುಕೊಂಡು ಪಡಸಾಲಿ ಮೂಲಿಯಾಗ ಕಾಯಕೋಂತ ನಿಂತಿದ್ದವು. ಓಣಿಯಾಗಿನ ಎಂಟು ಮಂದಿ ಹುಡುಗೇರು ಹೆಸರು ಬರೆಸಿದ್ರು. ನಾನು ಆರೇ ಆರು ತಿಂಗಳು ಅಂತ ಕೈ ಮುಗಿದು ಮಳಿಗಿ ಕೇಳಿದೆ. ಪಾಪ, ಕೊಟ್ಟಳು. ಆರು ತಿಂಗಳು ಹೋಗಿ ಮೂರು ವರ್ಷ ಆತು.

ತಪ್ಪು ನಂದಲ್ರಿ, ಕಿಟ್ ಕಾರಿನ ಸ್ವಭಾವನೇ ಹಂಗ. ಒಂದು ದೊಡ್ಡ ಕಟ್ಟಿಗಿ ಡಬ್ಬಿಯಾಗ ಚಾಸಿ, ಫೈಬರ್ ಬಾಡಿ, ಸೀಟು, ಸ್ಟೀರಿಂಗು ಬರ್ತಾವ. ಎಂಜಿನ್, ಗೇರ್ ಬಾಕ್ಸು, ಕ್ಲಚ್ಚು, ಗಾಲಿಗೆ ಶಕ್ತಿ ಒಯ್ಯೋ ಶಾಫ್ಟು, ಇವನ್ನೆಲ್ಲ ನಾವೇ ಆರಿಸಿ ತಂದು ಕೂಡಿಸಬೇಕು. ಬಾಡಿ ಜೋಡಿಸಿ ಕೆಂಪು ಬಣ್ಣ ಹೊಡಿಯಾಕ ನನಗ ಒಂದು ವರ್ಷ ಹಿಡೀತು. ಆರಿಸಾಕ ಎರಡು ವರ್ಷ! ಒಂದು ಕಾರಿನ ಎಂಜಿನ್, ಇನ್ನೊಂದರ ಗೇರ್ ಬಾಕ್ಸು, ಮೂರನೇದರ ಕ್ಲಚ್ಚು ಅಂತ ಹನ್ನೊಂದು ಹಾಳಿ ಪಟ್ಟಿ ಮಾಡಿದೆ. ಹೆಣ್ಣು ನೋಡಾಕ ಹೋದಾಗ ಸುದ್ದಾ ನಾನು ಇಷ್ಟು ವಿಚಾರ ಮಾಡಿದ್ದಿಲ್ಲ. ಆ ಮಾತು ಯಶೋಧಾನ ಮುಂದ ಆಡಬಾರದಿತ್ತು, ಆಡಿಬಿಟ್ಟೆ.

ಸಲಹಾ ಕೊಡೋ ಮಂದಿಗೇನೂ ಕಡಿಮಿ ಇದ್ದಿಲ್ಲ. ನಮ್ಮ ಪ್ರಿನ್ಸಿಪಾಲರು ಬ್ಯಾಟರಿ ಮೋಟಾರ್ ಹಾಕು ಅಂದ್ರು. ಬಾಜೂ ಮನಿಯವರು ಬೈಕಿನ ಎಂಜಿನ್ ಸಾಕಂದ್ರು. ದೇವದುರ್ಗ ತಾಲೂಕಿನ ಮಸರಕಲ್ಲಿನಿಂದ ನಮ್ಮ ಮಾವ ಮಾರೆಪ್ಪ ಫೋನ್ ಮಾಡಿ, ಟ್ರ್ಯಾಕ್ಟರ್ ಎಂಜಿನ್ ಕೂಡಿಸ್ರಿ ಅಳಿಯಂದ್ರ, ಗದ್ದಿಯಾಗ ಹೋದ್ರೂ ಸಿಗಬೀಳಲ್ಲ ಅಂದ್ರು. ಸ್ಪೋರ್ಟ್ಸ್ ಕಾರು ಗದ್ದಿಯಾಗ ಯಾಕ ಹೋಗ್ತದ ಅಂತ ನಾನು ಕೇಳಿದ್ದಕ್ಕ, ಗಾಡಿ ಅಂದ ಮ್ಯಾಲ ಎಲ್ಲಾ ಕಡಿ ಹೋಗಬೇಕಲ್ಲ ಅಂತ ಅವರು ನನಗೇ ತಿರುಗಿ ಕೇಳಿದ್ರು.

ಯಶೋಧಾನಿಗೆ ಗೇರಿನ ಲೆಕ್ಕ ತಿಳಿಸಬೇಕಂತ ಒಂದು ಸಲ ಆಕಿ ಹೊಲಿಗಿ ಮಷೀನೇ ಉದಾಹರಣಿ ತಗೊಂಡೆ. ದೊಡ್ಡ ಚಕ್ರ, ಸಣ್ಣ ಚಕ್ರ, ನಡುವ ಬೆಲ್ಟು ಅಂತ ಅರ್ಧ ತಾಸು ಪಾಠ ಮಾಡಿದೆ. ಪೂರ್ತಿ ಕೇಳಿ, "ಚಕ್ರ ಉಲ್ಟಾ ತಿರುಗಿದ್ರ ದಾರ ಕಡೀತದ, ನನಗ ಅಷ್ಟು ಗೊತ್ತ್ರಿ" ಅಂದ್ಳು. ಹೆಣ್ಣುಮಕ್ಕಳಿಗೆ ತಾಂತ್ರಿಕ ವಿಷಯ ತಲಿಗೆ ಹತ್ತಲ್ಲ ಅಂತ ನಾನು ಮನಸ್ಸಿನ್ಯಾಗೇ ನಕ್ಕೆ. ಆ ನಗುವಿನ ಶಾಪನೇ ನನಗ ತಟ್ಟಿದ್ದು.

ಕಡೀಕ ಒಂದು ದಿನ ಆಕಿ ತಾಳ್ಮಿ ಮುಗೀತು. ಜಗಳ ಮಾಡಲಿಲ್ಲ, ಅಳಲಿಲ್ಲ. ಚಹಾ ಕೊಟ್ಟು ಕರಾರು ಹಾಕಿದ್ಳು. ಮುಂದಿನ ತಿಂಗಳು ಅವ್ವ ಅಪ್ಪ ಬರ್ತಾರ. ಅವರ ಮುಂದ ಗಾಡಿ ನಮ್ಮ ಮನಿಯಿಂದ ಲೇಔಟಿನ ನೀರಿನ ಟಾಕಿ ತನಕ ಹೋಗಿ ಮರಳಿ ಬಂತಂದ್ರ ಮಳಿಗಿ ಗಾಡಿಗೆ. ಬರಲಿಲ್ಲಂದ್ರ ಮಳಿಗಿ ಹೊಲಿಗಿಗೆ. ನಾನು ಮೀಸಿ ತಿರುವಿ ಒಪ್ಪಿಕೊಂಡೆ. ಬಂಗಾರದಂಥಾ ಆ ಮಳಿಗಿ ಬಿಟ್ಟು ಕೊಡೋ ಮಾತೇ ಇಲ್ಲ!

ಮರುದಿನ ಮಾನ್ವಿ ಬಸ್ ಹತ್ತಿದೆ. ಮಾನ್ವಿಯಾಗ ಸಲಾವುದ್ದೀನ್ ಅಂತ ಮೆಕ್ಯಾನಿಕ್ ಇದ್ದಾನ. ಕಣ್ಣು ಮುಚ್ಚಿ ಸಪ್ಪಳ ಕೇಳಿ ರೋಗ ಹೇಳೋನು. ಅವನ ಮುಂದ ನನ್ನ ಹನ್ನೊಂದು ಹಾಳಿ ಇಟ್ಟೆ. ಮೊದಲನೇ ಹಾಳಿ ಓದಿ, ಉಳಿದ ಹತ್ತರಿಂದ ಗಾಳಿ ಬೀಸಿಕೊಂಡ.

"ಮಾಸ್ತರ್, ಎಂಜಿನ್ನು ಗೇರ್ ಬಾಕ್ಸು ಗಂಡ ಹೆಂಡ್ತಿ ಇದ್ದಂಗ. ಸಂಸಾರ ಮಾಡಿದ ಜೋಡೀನ ತಗೊಂಡು ಹೋಗ್ರಿ. ಒಬ್ಬರನ್ನ ಒಂದು ಮನಿಯಿಂದ, ಇನ್ನೊಬ್ಬರನ್ನ ಇನ್ನೊಂದು ಮನಿಯಿಂದ ತಂದ್ರ ದಿನಾ ಪಂಚಾಯ್ತಿ" ಅಂದ.

ಪೋತ್ನಾಳದಾಗ ಒಂದು ಹಳೇ ಸಣ್ಣ ಕಾರು ನಿಂತಿತ್ತು. ಹಿಂದಿನ ಭಾಗ ಚಪ್ಪಟ್ಟಿ, ಮುಂದಿನದು ಹೂವಿನಂಗ. ಅದರ ಎಂಜಿನ್, ಗೇರ್ ಬಾಕ್ಸು, ಕ್ಲಚ್ಚು, ಎರಡೂ ಕಡಿ ಶಾಫ್ಟು ಒಂದೇ ಗಂಟು. ಆ ಕಾರಿನ್ಯಾಗ ಅದು ಮುಂದ ಕುಂತು ಮುಂದಿನ ಗಾಲಿ ತಿರುಗಿಸ್ತಿತ್ತು. ನನ್ನ ಕಾರಿನ್ಯಾಗ ಸೀಟಿನ ಹಿಂದ ಕುಂತು ಹಿಂದಿನ ಗಾಲಿ ತಿರುಗಿಸಬೇಕು. ಇದ್ದ ಗಂಟು ಇದ್ದಂಗ ಎತ್ತಿ ಇಡೋದು, ಅಷ್ಟೇ ಕೆಲಸ. ಎರಡು ವರ್ಷದ ಪ್ರಶ್ನಿಗೆ ಸಲಾವುದ್ದೀನ್ ಒಂದು ಬೀಡಿ ಸೇದೋದ್ರಾಗ ಉತ್ತರ ಹುಡುಕಿದ. ನನಗ ಒಳಗೊಳಗ ಬ್ಯಾಸರಾತು.

ಎಂಜಿನ್ ಕೂಡಿಸೋ ದಿನಕ್ಕ ಸರಿಯಾಗಿ ಅತ್ತಿ ಮಾವ ಮಸರಕಲ್ಲಿನಿಂದ ಬಂದಿಳಿದ್ರು. ನಮ್ಮ ಅತ್ತಿ ಮುದುಕಮ್ಮ ಬುಟ್ಟಿಯಾಗ ಕಾಯಿ, ಕುಂಕುಮ, ನಿಂಬಿಹಣ್ಣು ತಂದಿದ್ಳು. ಮಾನ್ವಿಯಿಂದ ಬಂದ ಸಲಾವುದ್ದೀನ್ ಮಳಿಗಿಯಾಗ ಸರಪಳಿ ಹಾಕಿ ಎಂಜಿನ್ ಎತ್ತಿ ಚಾಸಿ ಮ್ಯಾಲ ತೂಗಬಿಟ್ಟಿದ್ದ. ಅತ್ತಿ ಕುಂಕುಮ ಹಚ್ಚಾಕ ಬಂದು, ಇದರ ಮುಖ ಯಾವುದಪ್ಪ ಅಂತ ಕೇಳಿದ್ಳು. ಹಳೇ ಕಾರಿನ್ಯಾಗ ರಸ್ತಾ ನೋಡ್ತಿದ್ದ ಕಡಿ ಅವ ತೋರಿಸಿದ. ಶಟರ್ ಇರೋದು ಪಡುವಲಕ್ಕ. ಕಾರಿನ ಮೂತಿ ಶಟರ್ ಕಡಿ. ಎಂಜಿನ್ ಮುಖನೂ ಪಡುವಲಕ್ಕ. ಅತ್ತಿ ಕೈ ಹಿಂದಕ್ಕ ತಗೊಂಡ್ಳು.

"ಯಪ್ಪಾ, ಪಡುವಲಕ್ಕ ಮುಖ ಮಾಡಿ ಯಂತ್ರ ಕೂಡಿಸ್ತಾರೇನು? ನಮ್ಮೂರಾಗ ಗಿರಣಿ ಇರಲಿ, ಪಂಪ್‌ಸೆಟ್ ಇರಲಿ, ಮೂಡಲಕ್ಕ ಮುಖ ಮಾಡೇ ಕೂಡಿಸೋದು" ಅಂದ್ಳು.

ಕಾರೇ ತಿರುಗಿಸೋಣಂದ್ರ ಮಳಿಗಿ ಇಕ್ಕಟ್ಟು. ಕರಾರಿಗೆ ಸಾಕ್ಷಿ ಈ ಅತ್ತಿನೇ, ಸಾಕ್ಷೀನ ಎದುರು ಹಾಕ್ಕೊಳ್ಳೋದು ಶಾಣ್ಯಾತನ ಅಲ್ಲ. ಎಂಜಿನ್ ಗಡಗಡ ತಿರುಗೋ ವಸ್ತು, ಅದಕ್ಕ ಮೂಡಲೇನು ಪಡುವಲೇನು? ತಿರುಗಿಸಿ ಕೂಡಿಸು ಅಂದೆ. ಸಲಾವುದ್ದೀನ್ ಸರಪಳಿ ಹಿಡಕೊಂಡು ನಿಂತ.

"ಮಾಸ್ತರ್, ಎಂಜಿನ್ ತಿರುಗಿಸಿದ್ರ ಗಾಲಿ ಸುದ್ದಾ..." ಅಂತ ಶುರು ಮಾಡಿದ.

"ಗೇರಿನ ಪಾಠ ನನಗ ಹೇಳ್ತೀಯೇನೋ?" ಅಂದೆ.

ಅವ ಸರಪಳಿ ತಿರುಗಿಸಿದ. ಆಹಾ, ಎಂಥಾ ಗತ್ತಿತ್ತು ನನ್ನ ದನಿಯಾಗ! ಎಂಜಿನ್ ಹಿಡಿದು ನಿಲ್ಲಿಸೋ ಕಬ್ಬಿಣದ ಪಟ್ಟಿ ಕಡಿದು, ಹೊಸದಾಗಿ ಬೆಸುಗಿ ಹಾಕಿ, ಎರಡು ದಿನದಾಗ ಎಂಜಿನ್ ಮೂಡಲಕ್ಕ ಮುಖ ಮಾಡಿ ಕುಂತಿತು. ಅತ್ತಿ ಸಮಾಧಾನದಿಂದ ಕುಂಕುಮ ಹಚ್ಚಿದ್ಳು. ಗಾಲಿ ಎತ್ತಿ ಒಂದು ಸಲ ತಿರುಗಿಸಿ ನೋಡೋಣಂತ ಸಲಾವುದ್ದೀನ್ ಮತ್ತ ಗೊಣಗಿದ. ಬ್ಯಾಡಂದೆ.

ಐತವಾರ ಮುಂಜಾನಿ ಓಣಿ ಮಂದಿ ಎಲ್ಲಾ ಮಳಿಗಿ ಮುಂದ ನೆರೆದ್ರು. ನಾಕೂ ಗಾಲಿ ಮುಂದ ನಾಕು ನಿಂಬಿಹಣ್ಣು ಇಟ್ಟಾತು. ಯಶೋಧಾನ್ನ ಬಾಜೂಕ ಕುಂದರು ಅಂದ್ರ, ಮೊದಲು ನೀವು ಹೋಗಿ ಬರ್ರಿ, ನನಗ ಕೆಲಸ ಅದ ಅಂದ್ಳು. ಮಾವ ಮಾರೆಪ್ಪ ಮಾತ್ರ ಹೊಸ ರುಮಾಲು ಸುತ್ತಿಕೊಂಡು ಯಾವಾಗೋ ಹತ್ತಿ ಕುಂತಿದ್ರು. ನಾನು ಕಪ್ಪು ಕನ್ನಡಕ ಹಾಕಿದೆ. ಒಂದನೇ ಗೇರಿಗೆ ಹಾಕಿ, ಹರಹರ ಅಂತ ಕ್ಲಚ್ ಬಿಟ್ಟೆ.

ಗಾಡಿ ಗಪ್ಪನ ಹಿಂದಕ್ಕ ಜಿಗೀತು! ಮಾವ ಊರಿಂದ ತಂದ ಅಕ್ಕಿ ಚೀಲ ಹಿಂದಿನ ಗ್ವಾಡಿಗೆ ಹಚ್ಚಿ ಒಟ್ಟಿದ್ವಿ, ಪುಣ್ಯಾಕ್ಕ ಗ್ವಾಡಿ ಉಳೀತು. ಒಂದು ಚೀಲ ಒಡದು ಮಾವನ ರುಮಾಲಿನ ಮ್ಯಾಲ ಅಕ್ಷತಿ ಬಿದ್ದಂಗ ಅಕ್ಕಿ ಬಿತ್ತು. ನಿಂಬಿಹಣ್ಣು ನಾಕೂ ಒಂದು ಗೀರಿಲ್ಲದೆ ಇಟ್ಟಲ್ಲೇ ಕುಂತಿದ್ದವು. ಎರಡನೇ ಗೇರ್ ಹಾಕಿದೆ, ಮತ್ತ ಹಿಂದ. ಮೂರನೇದು ಹಾಕಾಕ ಜಾಗ ಇದ್ದಿಲ್ಲ.

ಆಗ ನನ್ನ ತಲಿಯಾಗ ದೀಪ ಹತ್ತಿತು. ಎಂಜಿನ್ ಗಂಟು ಉಲ್ಟಾ ಇಟ್ಟರ ಗಾಲಿನೂ ಉಲ್ಟಾ ತಿರುಗ್ತಾವ. ಅಂದ್ರ ಹಿಂದಕ್ಕ ಹೋಗಾಕ ಐದು ಗೇರು, ಮುಂದಕ್ಕ ಹೋಗಾಕ ರಿವರ್ಸ್ ಒಂದೇ! ಮೊದಲನೇ ವರ್ಷದ ಹುಡುಗರಿಗೆ ನಾನೇ ಕೇಳೋ ಪ್ರಶ್ನಿ ಇದು. ತಪ್ಪು ಬರೆದವರಿಗೆ ಸೊನ್ನಿ ಕೊಟ್ಟೀನಿ. ಸಲಾವುದ್ದೀನ್ ಕಡಿ ನೋಡಿದೆ. ಅವ ಮ್ಯಾಲೆ ಸೂರು ನೋಡಾಕತ್ತಿದ್ದ.

ಮಳಿಗಿ ಹೋತು ಅಂದುಕೊಂಡೆ. ಆದ್ರ ಕರಾರಿನ್ಯಾಗ ಹೋಗಿ ಬರಬೇಕು ಅಂತಿತ್ತೇ ಹೊರತು, ಯಾವ ಕಡಿ ಮುಖ ಮಾಡಿ ಹೋಗಬೇಕಂತ ಇದ್ದಿಲ್ಲಲ್ಲ! ರಿವರ್ಸ್ ಗೇರ್ ಹಾಕಿ ಮುಂದಕ್ಕ ಹೊರಗ ಬಂದೆ. ರಸ್ತಾದ ಮ್ಯಾಲ ಗಾಡಿ ತಿರುಗಿಸಿ, ಬೆನ್ನು ಟಾಕಿ ಕಡಿ ಮಾಡಿ, ಒಂದು, ಎರಡು, ಮೂರು ಅಂತ ಗೇರ್ ಏರಿಸಿದೆ. ನನ್ನ ಕುತ್ತಿಗಿ ಗೂಬಿ ಕುತ್ತಿಗಿ ಆತು. ಗಾಡಿ ಕಂಡ್ರ ಬೆನ್ನು ಹತ್ತೋ ಓಣಿ ನಾಯಿ, ಇದರ ಬೆನ್ನು ಯಾವುದಂತ ತಿಳೀದೆ ನಡುವ ಕುಂತುಬಿಟ್ಟಿತು.

ಮಾವ ಮಾತ್ರ ಆರಾಮ ಕುಂತು, ಹಿಂದ ಉಳಿದ ಮಂದಿಗೆ ಕೈ ಮುಗಿಯಾಕತ್ತಿದ್ರು. "ಬಾಳ ಚೊಲೋ ಗಾಡಿ ಅಳಿಯಂದ್ರ. ಬೀಳ್ಕೊಡಾಕ ಬಂದವರ ಮುಖ ಕಡೀತನಕ ಕಾಣ್ತದ" ಅಂದ್ರು.

ಟಾಕಿ ಮುಟ್ಟಿದ್ವಿ. ಬರೋ ಮುಂದನಾದ್ರೂ ಮಾನವಂತನಂಗ ಮುಖ ಮುಂದ ಮಾಡಿ ಬರೋಣಂತ ರಿವರ್ಸ್ ಗೇರ್ ಹಾಕಿದೆ. ಎಂಜಿನ್ ಊರೆಲ್ಲಾ ಕೇಳೋ ಹಂಗ ಚೀರ್ತಿತ್ತು, ಗಾಡಿ ಮದುವಿ ಮೆರವಣಿಗಿ ಹಂಗ ನಡೀತಿತ್ತು. ನಡುವ ಮಾವ ಇಳಿದು, ಪರಿಚಯದವರ ಜೋಡಿ ಮಾತಾಡಿ, ಎಲಿ ಅಡಿಕಿ ಹಾಕ್ಕೊಂಡು, ನಡಕೋಂತ ಬಂದು ಮತ್ತ ಹತ್ತಿದ್ರು. ನಾನು ಗಾಡಿ ನಿಲ್ಲಿಸಿದ್ದೇ ಇಲ್ರಿ. ಅಂತೂ ಅರ್ಧ ತಾಸಿಗೆ, ಗೆದ್ದ ರಾಜನ ಗತ್ತಿನ್ಯಾಗ ಮಳಿಗಿ ಮುಂದ ಬಂದು ಹಾರ್ನ್ ಹೊಡದೆ.

ಮಳಿಗಿ ಎಲ್ಲಿ? ಹೊಸ್ತಿಲ ಮುಂದ ರಂಗೋಲಿ. ಆಯಿಲ್ ಚೆಲ್ಲಿದ ನೆಲದ ಮ್ಯಾಲ ಚಾಪಿ. ಎರಡೂ ಹೊಲಿಗಿ ಮಷೀನು ಸೀರಿ ಕಳಚಿ, ಕುಂಕುಮ ಹಚ್ಚಿಕೊಂಡು ನಿಂತಾವ. ಎಂಟೂ ಮಂದಿ ಹುಡುಗೇರು ಸಾಲಾಗಿ ಕುಂತಾರ. ಅತ್ತಿ ಕಾಯಿ ಒಡಿಯಾಕತ್ತಾಳ. ಆ ಸಲಾವುದ್ದೀನ್ ಅಂತೂ ಮಷೀನಿಗೆ ಎಣ್ಣಿ ಬಿಡಾಕ ಕುಂತಿದ್ದ!

"ಯಶೋಧಾ, ನಾನು ಹೋಗಿ ಬಂದೀನಿ. ಮಾವನೇ ಸಾಕ್ಷಿ. ನಾನು ಗೆದ್ದೀನಿ" ಅಂದೆ.

"ಗೆದ್ದೀರಿ, ಯಾರು ಇಲ್ಲಂತಾರ? ಆದ್ರ ಮೂರು ವರ್ಷ ಆತು, ಈ ಗಾಡಿ ಒಂದು ಸಲ ಹೊರಗ ಹೋದ್ರ ಸಾಕಂತ ಕಾಯಾಕತ್ತೀನಿ. ಅದು ಮುಂದಾಗಿ ಹೋತೋ ಹಿಂದಾಗಿ ಹೋತೋ, ನನಗೇನಾಗಬೇಕ್ರಿ?" ಅಂದ್ಳು.

ಓಣಿ ಮಂದಿ ನಕ್ಕರು, ಮಾವ ಎಲ್ಲರಕಿಂತ ಜೋರಾಗಿ ನಕ್ಕರು. ನನಗ ಸಿಟ್ಟು ಬರಬೇಕಿತ್ತು. ಆದ್ರ ಮೂರು ವರ್ಷದಾಗ ಆಕಿ ಮುಖದಾಗ ಅಂಥಾ ನಗು ನಾನು ನೋಡಿದ್ದಿಲ್ಲ, ಖರೇನ ಹೇಳ್ತೀನಿ, ನನಗೂ ಖುಷಿ ಆತು. ಆ ಖುಷಿ ತೋರಿಸಬಾರದಂತ ಮೋತಿ ಸಣ್ಣ ಮಾಡಿ, ರಾಯಚೂರಿನ ಬಿಸಿಲಿಗೆ ಗಾಡಿ ಹೊರಗ ನಿಂತ್ರ ಬಣ್ಣ ಏನಾಗಬೇಕು ಅಂತ ಕೇಳಿದೆ.

ಆಕಿ ಹೌದೌದು ಅಂತ ಕೊರಳಾಗಿನ ಟೇಪು ತಗದ್ಳು. ಕ್ಲಾಸಿನ ಮೊದಲನೇ ಕೆಲಸ ಗಾಡಿಗೆ ಹೊದಿಕಿ ಹೊಲಿಯೋದು ಅಂತ ಎಂಟು ಮಂದಿಗೂ ಹೇಳಿ, ನಾಗವೇಣಿ ಅನ್ನೋ ಹುಡುಗಿ ಕೈಗೆ ನೋಟ್‌ಬುಕ್ ಕೊಟ್ಟು ಅಳತಿ ಬರಕೋ ಅಂದ್ಳು. ಕಾರಿನ ಸುತ್ತ ಒಂದು ಸುತ್ತು ಬಂದು, ನನ್ನ ಮುಂದ ನಿಂತು, ಟೇಪು ಬಿಚ್ಚಿ ಬಾಳ ಮರ್ಯಾದಿಯಿಂದ ಕೇಳಿದ್ಳು:

"ಹೇಳ್ರಿ ಮಾಸ್ತರ್ರ, ಇದರ ಮುಂಭಾಗ ಯಾವುದು, ಹಿಂಭಾಗ ಯಾವುದು?"